ಎಲೆ ಹಾಕಿದವರೇ ಎಲೆ ಎತ್ತಲಿ

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಮೊದಲ ಸಲ ಮೇಲೆದ್ದ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ಆಕಾಶದಲ್ಲೇ ಚೂರಾಯಿತು. ಅದು ಹೊತ್ತಿದ್ದ ಕ್ಲಸ್ಟರ್ ಯೋಜನೆಯ ನಾಲ್ಕು ಉಪಗ್ರಹಗಳೂ ಅದರೊಂದಿಗೇ ನಾಶವಾದವು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ತುರುಕಲು ಹೋಗಿ ರಾಕೆಟ್ಟಿನ ದಿಕ್ಕು ತಿಳಿಸುವ ಕಂಪ್ಯೂಟರ್ ಕೈಚೆಲ್ಲಿತು ಎಂಬುದು ಈ ಅಪಘಾತದ ಬಗ್ಗೆ ಎಲ್ಲರೂ ಹೇಳುವ ಮಾತು. ಆ ಮಾತು ನಿಜ, ಆದರೆ ಅರ್ಧ ನಿಜ. ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ತನಿಖಾ ಮಂಡಳಿ ಇದಕ್ಕಿಂತ ಯೋಚಿಸಬೇಕಾದ ಇನ್ನೊಂದು ಸಂಗತಿಯನ್ನು ದಾಖಲಿಸಿದೆ. ಆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ಆ ಹೊತ್ತಿನಲ್ಲಿ ಕೆಲಸವೇ ಇರಲಿಲ್ಲ. ರಾಕೆಟ್ ನೆಲದ ಮೇಲೆ ನಿಂತಿರುವಾಗ ಉಪಕರಣವನ್ನು ಸರಿಹೊಂದಿಸುವುದಷ್ಟೇ ಅದರ ಪಾಲಿನ ಕೆಲಸ. ಹಳೆಯ ಏರಿಯಾನ್‌ಗಳಲ್ಲಿ ಕ್ಷಣಗಣನೆ ಕೊನೆಗಳಿಗೆಯಲ್ಲಿ ನಿಂತರೆ ಬೇಗ ಮತ್ತೆ ಶುರುಮಾಡಲು ಅನುಕೂಲವಾಗಲಿ ಎಂದು, ರಾಕೆಟ್ ಮೇಲೆದ್ದ ಮೇಲೂ ಸುಮಾರು 40 ಸೆಕೆಂಡು ಅದನ್ನು ಓಡಲು ಬಿಟ್ಟಿದ್ದರು. ಏರಿಯಾನ್ 5ಕ್ಕೆ ಆ ಅನುಕೂಲ ಬೇಕಿರಲಿಲ್ಲ. ಆದರೂ ಅದನ್ನು ನಿಲ್ಲಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಕೆಲಸ ಮುಗಿಸಿ ಮಲಗಬೇಕಿದ್ದ ಒಂದು ಭಾಗ ಎಚ್ಚರವಾಗಿಯೇ ಉಳಿದದ್ದರಿಂದ ಇಡೀ ರಾಕೆಟ್ ಹೋಯಿತು.

ಇಂದು ನಾವು ದಿನಬೆಳಗಾದರೆ ನೆಚ್ಚಿಕೊಳ್ಳುವ ಸಾಫ್ಟ್‌ವೇರ್‌ಗಳೂ ಹೀಗೆ ಬಿಡಿಬಿಡಿ ಭಾಗಗಳನ್ನು ಜೋಡಿಸಿ ಕಟ್ಟಿದವೇ. ಈ ಬಿಡಿ ಭಾಗಗಳಿಗೆ ಮಾಡ್ಯೂಲ್ ಎಂದು ಹೆಸರು. ಒಂದು ಡೇಟಾಬೇಸ್ ಜೊತೆ ಮಾತಾಡುತ್ತದೆ, ಇನ್ನೊಂದು ಎಸ್ಸೆಮ್ಮೆಸ್ ಕಳಿಸುತ್ತದೆ, ಮತ್ತೊಂದು ಹಣ ಪಾವತಿಯನ್ನು ನೋಡಿಕೊಳ್ಳುತ್ತದೆ. ಇವನ್ನೆಲ್ಲ ಹೊಂದಿಸಿ ನಡೆಸುವ ಮೇಸ್ತ್ರಿಯೇ ಫ್ರೇಮ್‌ವರ್ಕ್. ಮೊದಲು ಪ್ರತಿ ಮಾಡ್ಯೂಲನ್ನೂ ಪ್ರೋಗ್ರಾಮರ್ ತನ್ನ ಕೈಯಾರೆ ಶುರುಮಾಡಬೇಕಿತ್ತು. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸ್ಪ್ರಿಂಗ್‌ನಂಥ ಫ್ರೇಮ್‌ವರ್ಕ್‌ಗಳು ಬಳಕೆಗೆ ಬಂದಮೇಲೆ ಆ ಕೆಲಸ ತಪ್ಪಿತು. ಯಾವ ಮಾಡ್ಯೂಲಿಗೆ ಯಾವುದು ಬೇಕು ಎಂದು ಬರೆದಿಟ್ಟರೆ ಸಾಕು, ಯಾವುದನ್ನು ಮೊದಲು ಎಬ್ಬಿಸಬೇಕು, ಯಾವುದನ್ನು ಆಮೇಲೆ ಎಂದು ಫ್ರೇಮ್‌ವರ್ಕೇ ಲೆಕ್ಕಹಾಕಿ ಸಾಲಾಗಿ ಎಬ್ಬಿಸುತ್ತದೆ. ಇದು ದೊಡ್ಡ ಉಪಕಾರ. ಆದರೆ ಈ ಉಪಕಾರದ ಜೊತೆಗೇ ಒಂದು ಅಸಮತೋಲನವೂ ಬಂದು ಸೇರಿಕೊಂಡಿತು. ಶುರುಮಾಡುವ ಕೆಲಸ ತಾನಾಗಿಯೇ ನಡೆಯುತ್ತದೆ, ಮುಗಿಸುವ ಕೆಲಸ ಮಾತ್ರ ಬಹುಪಾಲು ಪ್ರೋಗ್ರಾಮರ್‌ನ ನೆನಪಿಗೆ, ಪುರುಸೊತ್ತಿಗೆ, ಒಳ್ಳೆಯತನಕ್ಕೆ ಬಿಟ್ಟದ್ದಾಗಿದೆ. ಮುಗಿಸುವುದಕ್ಕೆಂದೇ ಸ್ಪ್ರಿಂಗ್‌ನಲ್ಲೂ ಬೇರೆ ಫ್ರೇಮ್‌ವರ್ಕ್‌ಗಳಲ್ಲೂ ಜಾಗ ಮಾಡಿಟ್ಟಿದ್ದಾರೆ. ಆದರೆ ಆ ಜಾಗವನ್ನು ಖಾಲಿ ಬಿಟ್ಟರೆ ಕೇಳುವವರಿಲ್ಲ. ಶುರುವಿನಲ್ಲಿ ಒಂದು ಸಾಲು ತಪ್ಪಿದರೆ ಪ್ರೋಗ್ರಾಂ ಏಳುವುದೇ ಇಲ್ಲ, ತಪ್ಪು ಆ ಕ್ಷಣವೇ ಕಣ್ಣಿಗೆ ಬೀಳುತ್ತದೆ. ಮುಕ್ತಾಯದಲ್ಲಿ ತಪ್ಪಿದ್ದು ವಾರ, ತಿಂಗಳು ಕಳೆದ ಮೇಲೆ, ಬೇರೆ ಯಾವುದೋ ಮೂಲೆಯಲ್ಲಿ, ಬೇರೆಯವರ ಪಾಳಿಯಲ್ಲಿ ತಲೆಯೆತ್ತುತ್ತದೆ.

‘ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಮಂದಿ ಅಂದ’ ಎಂಬ ಗಾದೆ ನಮ್ಮಲ್ಲಿದೆ. ಪಂಕ್ತಿಯಲ್ಲಿ ಎಲೆ ಹಾಕಲು, ಬಡಿಸಲು ಜನ ಮುಂದೆ ಬರುತ್ತಾರೆ, ಉಂಡ ಎಲೆ ಎತ್ತುವಾಗ ಅವರೇ ಮಾಯವಾಗುತ್ತಾರೆ. ಆದರೆ ಉಂಡ ಎಲೆ ಎತ್ತಿ, ನೆಲ ಒರೆಸಿ, ಜಾಗ ಮಾಡಿಕೊಡದೆ ಎರಡನೆಯ ಪಂಕ್ತಿ ಕೂರಲಾರದು. ಸಾಫ್ಟ್‌ವೇರಿಗೂ ಇದೇ ಮಾತು ಸಲ್ಲುತ್ತದೆ. ಮಾಡ್ಯೂಲುಗಳನ್ನು ತಾನೇ ಶುರುಮಾಡುವ ಅಧಿಕಾರವನ್ನು ಕೈಗೆ ತೆಗೆದುಕೊಂಡ ಫ್ರೇಮ್‌ವರ್ಕ್, ಅವನ್ನು ಕ್ರಮವಾಗಿ ನಿಲ್ಲಿಸಿ ಶುಚಿಮಾಡುವ ಹೊಣೆಯನ್ನೂ ಅಷ್ಟೇ ಕಡ್ಡಾಯವಾಗಿ ಹೊರಬೇಕು. ಏಕೆಂದರೆ ಯಾವುದನ್ನು ಯಾವ ಕ್ರಮದಲ್ಲಿ ಎಬ್ಬಿಸಿದೆ ಎಂಬುದು ಇಡೀ ವ್ಯವಸ್ಥೆಯಲ್ಲಿ ಗೊತ್ತಿರುವುದು ಅದೊಂದಕ್ಕೇ. ಆ ತಿಳಿವಳಿಕೆ ಒಬ್ಬರ ಹತ್ತಿರ, ಹೊಣೆ ಇನ್ನೊಬ್ಬರ ಹೆಗಲ ಮೇಲೆ ಎಂದಾದರೆ ಕೆಲಸ ಕೆಡುವುದು ಖಚಿತ.

ನಿಲ್ಲಿಸುವುದೆಂದರೆ ಸ್ವಿಚ್ ಆರಿಸಿದಷ್ಟು ಸುಲಭವಲ್ಲ, ಅದರೊಳಗೊಂದು ಕ್ರಮವಿದೆ. ಮೊದಲು ಹೊರಬಾಗಿಲು ಹಾಕಬೇಕು, ಎಂದರೆ ಹೊಸ ಕೋರಿಕೆಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು. ಆಮೇಲೆ ಕೈಯಲ್ಲಿರುವ ಕೆಲಸವನ್ನು ಮುಗಿಸಬೇಕು. ಎಲ್ಲಕ್ಕಿಂತ ಕೊನೆಗೆ ಡೇಟಾಬೇಸ್‌ನ ಸಂಪರ್ಕ ಕಡಿಯಬೇಕು. ಇದನ್ನು ಹಿಂದುಮುಂದು ಮಾಡಿದರೆ, ಒಳಗೆ ಬಂದ ಗ್ರಾಹಕನ ಕೆಲಸ ಅರ್ಧಕ್ಕೆ ನಿಂತಾಗ ಅದನ್ನು ಬರೆದಿಡಲು ಲೆಕ್ಕದ ಪುಸ್ತಕವೇ ಇರುವುದಿಲ್ಲ. ಎಬ್ಬಿಸಿದ ಕ್ರಮಕ್ಕೆ ಸರಿಯಾಗಿ ತಿರುವುಮುರುವಾಗಿ ನಿಲ್ಲಿಸಬೇಕು ಎಂಬ ಈ ನಿಯಮವನ್ನು ಬ್ಯಾರ್ನೆ ಸ್ಟ್ರೌಸ್ಟ್ರಪ್ ರೂಪಿಸಿದ ಸಿ++ ಭಾಷೆ ತನ್ನೊಳಗೇ ಇಟ್ಟುಕೊಂಡಿದೆ. ಎರಿಕ್ಸನ್ ಕಂಪನಿಯಲ್ಲಿ ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಹುಟ್ಟಿದ ಎರ್ಲಾಂಗ್ ಭಾಷೆಯಲ್ಲಿ ಪ್ರತಿ ಗುಂಪಿಗೂ ಒಬ್ಬ ಮೇಲ್ವಿಚಾರಕನಿರುತ್ತಾನೆ, ಅವನೂ ತನ್ನ ಕೈಕೆಳಗಿನ ಭಾಗಗಳನ್ನು ಒಂದು ಕ್ರಮದಲ್ಲಿ ಎಬ್ಬಿಸಿ ಅದರ ವಿರುದ್ಧ ಕ್ರಮದಲ್ಲೇ ಮಲಗಿಸುತ್ತಾನೆ. ಇನ್ನೂ ಕಷ್ಟದ ಸಂದರ್ಭವೆಂದರೆ ಅರ್ಧ ಶುರುವಾಗಿ ಕೆಟ್ಟದ್ದು. ಐದು ಮಾಡ್ಯೂಲುಗಳಲ್ಲಿ ಮೂರು ಎದ್ದಿವೆ, ನಾಲ್ಕನೆಯದು ಏಳಲಿಲ್ಲ ಎಂದುಕೊಳ್ಳಿ. ಆಗ ಎದ್ದ ಮೂರನ್ನು ಮಾತ್ರ, ಮೂರನೆಯದರಿಂದ ಹಿಂದಕ್ಕೆ ಬರುತ್ತ ನಿಲ್ಲಿಸಬೇಕು. ಒಂದು ನಿಲ್ಲಲು ಹಟ ಮಾಡಿದರೆ ಅದಕ್ಕೊಂದು ಗಡುವು ಕೊಟ್ಟು, ಅದಕ್ಕಾಗಿ ಉಳಿದವನ್ನು ಕಾಯಿಸದೆ ಮುಂದುವರಿಯಬೇಕು. ಎರಡು ಸಲ ನಿಲ್ಲಿಸು ಎಂದರೂ ಅನಾಹುತವಾಗಬಾರದು. ಇಷ್ಟನ್ನೂ ಪ್ರತಿಯೊಬ್ಬ ಪ್ರೋಗ್ರಾಮರ್ ಪ್ರತಿ ಯೋಜನೆಯಲ್ಲೂ ಹೊಸದಾಗಿ, ತಪ್ಪಿಲ್ಲದೆ ಬರೆಯಲಿ ಎಂದು ಬಯಸುವುದು ನ್ಯಾಯವಲ್ಲ. ಒಂದೇ ಕಡೆ, ಒಂದೇ ಸಲ, ಎಚ್ಚರದಿಂದ ಬರೆದು ಎಲ್ಲರಿಗೂ ಒದಗಿಸುವುದಕ್ಕೆಂದೇ ಫ್ರೇಮ್‌ವರ್ಕ್ ಇರುವುದು.

ಇದಕ್ಕೆ ಅನುಭವಿಗಳು ಎತ್ತುವ ಮೊದಲ ಆಕ್ಷೇಪ ಹೀಗಿದೆ: ಪ್ರೋಗ್ರಾಂ ಸತ್ತರೆ ಅದು ಹಿಡಿದಿದ್ದ ಮೆಮೊರಿಯನ್ನೂ ತೆರೆದಿದ್ದ ಫೈಲುಗಳನ್ನೂ ಆಪರೇಟಿಂಗ್ ಸಿಸ್ಟಮ್ ಹೇಗೂ ವಾಪಸು ಪಡೆಯುತ್ತದೆ, ಇನ್ನು ಶುಚಿಮಾಡುವ ಮಾತೇಕೆ? ಈ ವಾದಕ್ಕೆ ಆಧಾರವಿದೆ, ಆದರೆ ಅದರ ವ್ಯಾಪ್ತಿ ಚಿಕ್ಕದು. ಆಪರೇಟಿಂಗ್ ಸಿಸ್ಟಮ್ಮಿಗೆ ತನ್ನ ಅಂಗಳದ ವಸ್ತುಗಳಷ್ಟೇ ಗೊತ್ತು. ಬೇರೆ ಕಂಪ್ಯೂಟರಿನ ಡೇಟಾಬೇಸ್‌ನಲ್ಲಿ ಹಾಕಿಟ್ಟ ಬೀಗ, ಸರತಿಯಿಂದ ಎತ್ತಿಕೊಂಡು ಇನ್ನೂ ಉತ್ತರಿಸದ ಕೋರಿಕೆ, ಅರ್ಧ ಬರೆದ ಕಡತ, ‘ನಾನು ಇಲ್ಲಿದ್ದೇನೆ’ ಎಂದು ಊರಿಗೆಲ್ಲ ಸಾರಿದ ವಿಳಾಸ ಇವೆಲ್ಲ ಪ್ರೋಗ್ರಾಂ ಸತ್ತ ಮೇಲೂ ಉಳಿಯುತ್ತವೆ. ಟಿಕೆಟ್ ಕಾಯ್ದಿರಿಸುವಾಗ ಯಾರೂ ಕೊಳ್ಳದ ಸೀಟು ‘ಭರ್ತಿ’ ಎಂದು ತೋರಿಸುವುದಕ್ಕೆ ಇಂಥ ಅನಾಥ ಬೀಗವೊಂದು ಸಾಕು. ಅದೂ ಅಲ್ಲದೆ, ಇಂದಿನ ಸರ್ವರ್‌ಗಳು ತಿಂಗಳುಗಟ್ಟಲೆ ಸಾಯುವುದಿಲ್ಲ. ಸಾಯದೆ ಇರುವ ಪ್ರೋಗ್ರಾಂ ಚೂರುಪಾರು ಮೆಮೊರಿ ಹಿಡಿದು ಬಿಡದಿದ್ದರೆ ಅದನ್ನು ವಾಪಸು ಪಡೆಯುವವರು ಯಾರೂ ಇಲ್ಲ. 2012ರ ಅಕ್ಟೋಬರ್ 22ರಂದು ಅಮೆಜಾನ್‌ನ ಕ್ಲೌಡ್ ಸೇವೆ ಅಮೆರಿಕದ ಪೂರ್ವ ವಲಯದಲ್ಲಿ ಗಂಟೆಗಟ್ಟಲೆ ಕುಂಟಿತು. ಕಂಪನಿಯೇ ಪ್ರಕಟಿಸಿದ ವಿವರಣೆಯ ಪ್ರಕಾರ ಮೂಲ ಕಾರಣ ಅಂಕಿ ಅಂಶ ಸಂಗ್ರಹಿಸುವ ಒಂದು ಪುಟ್ಟ ಉಪ-ಪ್ರೋಗ್ರಾಂ. ತಾನು ವರದಿ ಒಪ್ಪಿಸಬೇಕಿದ್ದ ಸರ್ವರ್ ಬದಲಾದದ್ದು ಅದಕ್ಕೆ ತಿಳಿಯಲಿಲ್ಲ. ಇಲ್ಲದ ಸರ್ವರನ್ನು ಮತ್ತೆ ಮತ್ತೆ ಕರೆಯುತ್ತ, ಕರೆದಷ್ಟು ಸಲವೂ ಸ್ವಲ್ಪ ಮೆಮೊರಿ ನುಂಗುತ್ತ ಹೋಯಿತು. ಮುಖ್ಯ ಕೆಲಸಕ್ಕೆ ಬೇಕಾದ ಮೆಮೊರಿಯೇ ಉಳಿಯದಾದಾಗ ಶೇಖರಣಾ ಸರ್ವರ್‌ಗಳು ಬಾಗಿದವು. ಮುಖ್ಯ ಕೆಲಸಕ್ಕೆ ಸಂಬಂಧವೇ ಇಲ್ಲದ ಒಂದು ಮಾಡ್ಯೂಲ್ ಉಂಡ ಎಲೆ ಎತ್ತದೆ ಹೋದದ್ದರ ಬೆಲೆಯನ್ನು ಇಡೀ ಪಂಕ್ತಿ ತೆತ್ತಿತು.

ಹಾಗಾದರೆ ಆಗಾಗ ರೀಸ್ಟಾರ್ಟ್ ಮಾಡಿದರಾಯಿತಲ್ಲ ಎನ್ನುವುದು ಎರಡನೆಯ ಮಾತು. ಮೊಬೈಲು ನಿಧಾನವಾದರೆ ಆಫ್ ಮಾಡಿ ಆನ್ ಮಾಡಿ ಎನ್ನುವ ಮನೆಮದ್ದು ಎಲ್ಲರಿಗೂ ಗೊತ್ತು, ಅದು ಕೆಲಸವನ್ನೂ ಮಾಡುತ್ತದೆ. ಆದರೆ ರೀಸ್ಟಾರ್ಟ್ ಮಾಡುವ ಹೊಣೆಯನ್ನು ಮನುಷ್ಯನ ನೆನಪಿಗೆ ಕಟ್ಟಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ದಾಖಲೆಗಳಿವೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ, ಎರಗಿ ಬರುತ್ತಿದ್ದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಸತ್ತರು. ವ್ಯವಸ್ಥೆ ಸುಮಾರು 100 ಗಂಟೆ ಬಿಡುವಿಲ್ಲದೆ ಓಡಿತ್ತು. ಸಮಯದ ಲೆಕ್ಕದಲ್ಲಿದ್ದ ಕಣದಷ್ಟು ತಪ್ಪು ಕೂಡುತ್ತ ಕೂಡುತ್ತ ಒಂದು ಸೆಕೆಂಡಿನ ಮೂರನೆಯ ಒಂದು ಭಾಗವಾಗಿ ಬೆಳೆದಿತ್ತು, ಅದು ಗುರಿ ತಪ್ಪಲು ಸಾಕಾಯಿತು. ರೀಸ್ಟಾರ್ಟ್ ಮಾಡಿದ್ದರೆ ಆ ತಪ್ಪು ಸೊನ್ನೆಗೆ ಇಳಿಯುತ್ತಿತ್ತು. ಅತಿ ದೀರ್ಘಕಾಲ ಓಡಿಸಬೇಡಿ ಎಂಬ ಎಚ್ಚರಿಕೆಯೂ ಕೆಲವು ದಿನ ಮೊದಲೇ ಹೋಗಿತ್ತು, ಆದರೆ ಅತಿ ದೀರ್ಘವೆಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಇರಲಿಲ್ಲ. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಮರುದಿನ. 2004ರ ಸೆಪ್ಟೆಂಬರ್ 14ರಂದು ದಕ್ಷಿಣ ಕ್ಯಾಲಿಫೋರ್ನಿಯಾದ ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ಆಕಾಶದಲ್ಲಿದ್ದ ವಿಮಾನಗಳ ಜೊತೆಗಿನ ಧ್ವನಿ ಸಂಪರ್ಕವನ್ನು ಮೂರು ಗಂಟೆಗೂ ಹೆಚ್ಚು ಹೊತ್ತು ಕಳೆದುಕೊಂಡಿತು. ಆ ವ್ಯವಸ್ಥೆಯನ್ನು 30 ದಿನಕ್ಕೊಮ್ಮೆ ಕೈಯಿಂದ ರೀಸ್ಟಾರ್ಟ್ ಮಾಡಬೇಕೆಂಬ ನಿಯಮವಿತ್ತು. ಆ ಸಲ ಅದು ತಪ್ಪಿತು, 49.7 ದಿನಕ್ಕೆ ಒಳಗಿನ ಎಣಿಕೆ ಮುಗಿದು ವ್ಯವಸ್ಥೆ ತಾನೇ ನಿಂತಿತು. ಈ ಎರಡೂ ಕಡೆ ಕೆಟ್ಟದ್ದು ಲೆಕ್ಕ ಮತ್ತು ಎಣಿಕೆ, ಬಿಡದೆ ಹಿಡಿದ ಮೆಮೊರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಪಾಠ ಒಂದೇ. ಓಡುತ್ತಿರುವ ಪ್ರೋಗ್ರಾಂ ತನ್ನೊಳಗೆ ಏನನ್ನಾದರೂ ಕೂಡಿಹಾಕುತ್ತಲೇ ಇರುತ್ತದೆ. ಅದನ್ನು ಕಾಲಕಾಲಕ್ಕೆ ಹಗುರ ಮಾಡುವ ಕೆಲಸವನ್ನು ಗೋಡೆಗೆ ಅಂಟಿಸಿದ ಸುತ್ತೋಲೆಗೆ ವಹಿಸಬಾರದು.

ಮೂರನೆಯ ಆಕ್ಷೇಪ ಇವೆಲ್ಲಕ್ಕಿಂತ ಗಟ್ಟಿಯಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಕಾಂಡಿಯಾ ಮತ್ತು ಆರ್ಮಾಂಡೊ ಫಾಕ್ಸ್ 2003ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಇದು ಸ್ಪಷ್ಟವಾಗಿದೆ. ಕರೆಂಟು ಹೋಗುವುದು, ಯಂತ್ರ ಕೈಕೊಡುವುದು ತಪ್ಪಿದ್ದಲ್ಲ, ಆಗ ಶುಚಿಮಾಡಲು ಯಾರಿಗೂ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಹಠಾತ್ತನೆ ನಿಂತರೂ ಮತ್ತೆ ಎದ್ದು ಸುಧಾರಿಸಿಕೊಳ್ಳುವಂತೆ ಪ್ರೋಗ್ರಾಮನ್ನು ಬರೆಯಿರಿ, ನಿಲ್ಲಿಸುವುದಕ್ಕೆ ಬೇರೆ ದಾರಿಯೇ ಬೇಡ ಎನ್ನುವುದು ಅವರ ವಾದ. ಇದರ ಮೊದಲರ್ಧ ನಿರ್ವಿವಾದ. ಮುಕ್ತಾಯದ ಕೆಲಸ ನಡೆದೇ ನಡೆಯುತ್ತದೆ ಎಂದು ನಂಬಿ ಕೂರಬಾರದು, ಹಿಂದಿನ ಸಲದ ಕಸವನ್ನು ಗುಡಿಸುವ ಶಕ್ತಿ ಶುರುವಿನಲ್ಲೂ ಇರಬೇಕು. ಆದರೆ ಶುರುವಿನ ಗುಡಿಸುವಿಕೆಯೊಂದನ್ನೇ ನಂಬಿದರೆ ಏನಾಗಬಹುದು ಎಂಬುದಕ್ಕೆ ಮಂಗಳನ ಅಂಗಳದ ಸ್ಪಿರಿಟ್ ರೋವರ್ ಸಾಕ್ಷಿ. 2004ರ ಜನವರಿ ಮೊದಲ ವಾರ ಇಳಿದ ಆ ನಾಸಾ ವಾಹನ ಅದೇ ತಿಂಗಳ 21ರಂದು ಮಾತು ನಿಲ್ಲಿಸಿತು. ತಿಂಗಳುಗಳ ಪಯಣದಲ್ಲಿ ಕೂಡಿದ ಹಳೆಯ ಫೈಲುಗಳು ಅದರ ಫ್ಲಾಶ್ ಮೆಮೊರಿಯಲ್ಲಿ ಹಾಗೇ ಉಳಿದಿದ್ದವು. ಏಳುವಾಗ ಆ ಫೈಲುಗಳ ಪಟ್ಟಿಯನ್ನೆಲ್ಲ ಓದಿಕೊಳ್ಳಬೇಕಿತ್ತು, ಓದಲು ಹೋದರೆ ಮೆಮೊರಿ ಸಾಲುತ್ತಿರಲಿಲ್ಲ, ಸಾಲದೆ ಬೀಳುತ್ತಿತ್ತು, ಬಿದ್ದು ಮತ್ತೆ ಏಳುತ್ತಿತ್ತು. ಹೀಗೆ 60ಕ್ಕೂ ಹೆಚ್ಚು ಸಲ ಎದ್ದು ಬಿದ್ದು, ರಾತ್ರಿ ನಿದ್ರಿಸಬೇಕಾದ ಹೊತ್ತಿನಲ್ಲೂ ಎಚ್ಚರವಾಗಿದ್ದು ಬ್ಯಾಟರಿ ಕರಗಿಸಿತು. ಫ್ಲಾಶ್ ಮೆಮೊರಿಯನ್ನು ಮುಟ್ಟದೆ ಏಳು ಎಂದು ಭೂಮಿಯಿಂದ ಎಂಜಿನಿಯರುಗಳು ಆಜ್ಞೆ ಕಳಿಸಿದ ಮೇಲೆ ಅದು ಉಳಿಯಿತು, ಉಳಿದು 2010ರವರೆಗೆ ದುಡಿಯಿತು. ಶುಚಿಯನ್ನು ಮುಂದೂಡಿದರೆ ಆ ಕಸವೇ ಮುಂದಿನ ಶುರುವಿಗೆ ಅಡ್ಡ ಬಂದು ನಿಲ್ಲುತ್ತದೆ. ಮುಗಿಸುವಾಗಲೂ ಗುಡಿಸಬೇಕು, ಏಳುವಾಗಲೂ ಗುಡಿಸಬೇಕು. ಎರಡನ್ನೂ ಒಂದೇ ಕೈ ಮಾಡಬೇಕು.

ಕೊನೆಯ ಆಕ್ಷೇಪ ಸ್ವಯಂಚಾಲನೆಯ ಮೇಲೆಯೇ ಇದೆ. ಎಲ್ಲವೂ ತಾನಾಗಿ ನಡೆದರೆ ಒಳಗೆ ಏನಾಗುತ್ತಿದೆ ಎಂದು ಯಾರಿಗೂ ತಿಳಿಯದೆ ಹೋಗುತ್ತದೆ, ಪ್ರೋಗ್ರಾಮರುಗಳು ಸೋಮಾರಿಗಳಾಗುತ್ತಾರೆ ಎಂಬ ಆತಂಕ. ಈ ಆತಂಕಕ್ಕೆ ಇತಿಹಾಸದ ಬೆಂಬಲವಿದೆ. ಜಾವಾ ಭಾಷೆಯಲ್ಲಿ ಫೈನಲೈಸರ್ ಎಂಬ ಸ್ವಯಂ ಶುಚಿಯ ವ್ಯವಸ್ಥೆ ಮೊದಲಿನಿಂದಲೂ ಇತ್ತು. ಅದು ಯಾವಾಗ ನಡೆಯುತ್ತದೆ, ಯಾವ ಕ್ರಮದಲ್ಲಿ ನಡೆಯುತ್ತದೆ, ಅಸಲಿಗೆ ನಡೆಯುತ್ತದೆಯೇ ಎಂಬ ಭರವಸೆಯನ್ನೇ ಭಾಷೆ ಕೊಡುತ್ತಿರಲಿಲ್ಲ. ಕೊನೆಗೆ 2017ರ ಜಾವಾ 9ರಲ್ಲಿ ಅದನ್ನು ಬಳಸಬೇಡಿ ಎಂದರು, 2022ರ ಜಾವಾ 18ರಲ್ಲಿ ಮುಂದೆ ತೆಗೆದೇ ಹಾಕುತ್ತೇವೆ ಎಂದು ಸಾರಿದರು. ಅದೇ ಸಿ++ನ ಸ್ವಯಂ ಶುಚಿ ದಶಕಗಳಿಂದ ನೆಲೆ ನಿಂತಿದೆ, ಏಕೆಂದರೆ ಅದು ಯಾವ ಸಾಲಿನಲ್ಲಿ, ಯಾವ ಕ್ರಮದಲ್ಲಿ ನಡೆಯುತ್ತದೆ ಎಂದು ಕೋಡ್ ಓದಿದವರು ಬೆರಳಿಟ್ಟು ತೋರಿಸಬಹುದು. ಹಾಗಾಗಿ ಇಲ್ಲಿ ಮುಖ್ಯವಾದದ್ದು ಕ್ರಮ ಮೊದಲೇ ಗೊತ್ತಿರುವುದು. ಅಡಗಿಸಿಟ್ಟ ಸ್ವಯಂಚಾಲನೆಗೆ ನನ್ನ ಸಮರ್ಥನೆಯಿಲ್ಲ, ಬಾಯಿಬಿಟ್ಟು ಹೇಳಿ ನಡೆಯುವ ಸ್ವಯಂಚಾಲನೆಯನ್ನೇ ನಾನು ಕೇಳುತ್ತಿರುವುದು. ಸ್ವಯಂ ಶುರುವಿಗೂ ಇದೇ ಅಂಕೆ ಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ದೋಷಪೂರಿತ ಫೈಲೊಂದು ಬರೀ 78 ನಿಮಿಷ ಚಾಲ್ತಿಯಲ್ಲಿತ್ತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಮಗುಚಿದವು. ಕಂಪನಿ ಫೈಲನ್ನು ಹಿಂತೆಗೆದುಕೊಂಡರೂ ಯಂತ್ರಗಳು ಏಳಲಿಲ್ಲ. ಆ ಭದ್ರತಾ ಮಾಡ್ಯೂಲ್ ಕಂಪ್ಯೂಟರ್ ಏಳುವಾಗಲೇ ತಾನೂ ಏಳುವಂಥದ್ದು, ಅದು ಎದ್ದ ಕೂಡಲೇ ಕಂಪ್ಯೂಟರ್ ಬೀಳುತ್ತಿತ್ತು. ಕಳೆದ ಸಲ ಬಿದ್ದದ್ದು ಇದರಿಂದಲೇ, ಈ ಸಲ ಇದನ್ನು ಬಿಟ್ಟು ಏಳೋಣ ಎನ್ನುವ ವಿವೇಕ ಆ ವ್ಯವಸ್ಥೆಗೆ ಇರಲಿಲ್ಲ. ಜನ ಒಂದೊಂದೇ ಯಂತ್ರದ ಮುಂದೆ ಕೂತು ಕೈಯಿಂದ ಫೈಲು ಅಳಿಸಬೇಕಾಯಿತು. ಅಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು.

ಖರ್ಚು ಹೆಚ್ಚುತ್ತದೆ, ಗಡುವು ಮೀರುತ್ತದೆ ಎಂಬ ಗೊಣಗಾಟಕ್ಕೆ ಉತ್ತರ ಸರಳ: ದಾರಿ ಆಗಲೇ ಸಿದ್ಧವಿದೆ. ವೆಬ್ ಪುಟಗಳನ್ನು ಕಟ್ಟುವ ಸಲಕರಣೆಯಾದ, 2022ರಲ್ಲಿ ಬಂದ ರಿಯಾಕ್ಟ್ 18, ಪ್ರೋಗ್ರಾಮರ್ ಕಟ್ಟುನಿಟ್ಟಿನ ವಿಧಾನವನ್ನು ಆರಿಸಿಕೊಂಡರೆ, ತಯಾರಿಕೆಯ ಹಂತದಲ್ಲೇ ಪ್ರತಿ ಭಾಗವನ್ನೂ ಶುರುಮಾಡಿ, ನಿಲ್ಲಿಸಿ, ಮತ್ತೆ ಶುರುಮಾಡಿ ನೋಡುತ್ತದೆ. ಶುಚಿ ಮರೆತಿದ್ದರೆ ಆಗಲೇ ಎರಡೆರಡು ಟೈಮರು, ಎರಡೆರಡು ಸಂಪರ್ಕ ಎದ್ದು ಕಾಣುತ್ತವೆ. ಸರ್ವರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್, ಒಂದು ಪ್ರೋಗ್ರಾಮನ್ನು ನಿಲ್ಲಿಸುವ ಮೊದಲು ಸೂಚನೆ ಕೊಟ್ಟು, ಬೇರೆ ಹೇಳದಿದ್ದರೆ 30 ಸೆಕೆಂಡು ಕಾದು, ಆಮೇಲಷ್ಟೇ ಬಲವಂತವಾಗಿ ಮುಗಿಸುತ್ತದೆ. ಆ 30 ಸೆಕೆಂಡುಗಳನ್ನು ಸರಿಯಾಗಿ ಬಳಸಿಕೊಳ್ಳುವ ಪ್ರೋಗ್ರಾಮುಗಳು ಬೇಕು. ಜಗತ್ತಿನ ಎಷ್ಟೋ ಬ್ಯಾಂಕು, ಆಸ್ಪತ್ರೆ, ಅಂಗಡಿಗಳ ಸಾಫ್ಟ್‌ವೇರನ್ನು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಕೂತವರು ಬರೆಯುತ್ತಾರೆ, ರಾತ್ರಿ ಪಾಳಿಯಲ್ಲಿ ಕಾಯುತ್ತಾರೆ. ಮುಗಿಸದೆ ಬಿಟ್ಟದ್ದರ ಕಷ್ಟ ನಡುರಾತ್ರಿಯ ಫೋನು ಕರೆಯಾಗಿ ಮೊದಲು ತಟ್ಟುವುದು ಅವರನ್ನೇ. ಆದ್ದರಿಂದ ಅವರಲ್ಲಿ ನನ್ನ ಕೋರಿಕೆ: ಫ್ರೇಮ್‌ವರ್ಕ್ ಆರಿಸುವಾಗ ಅದು ಎಷ್ಟು ಬೇಗ ಏಳುತ್ತದೆ ಎಂದು ಕೇಳುವಂತೆಯೇ ಎಷ್ಟು ಶುಚಿಯಾಗಿ ನಿಲ್ಲುತ್ತದೆ ಎಂದೂ ಕೇಳಿ. ಸಾಫ್ಟ್‌ವೇರ್ ಕೊಳ್ಳುವ ಸರ್ಕಾರಿ ಇಲಾಖೆಗಳೂ ಸಹಕಾರಿ ಬ್ಯಾಂಕುಗಳೂ ಹಣ ಪಾವತಿಸುವ ಮುನ್ನ ಮೂರು ಪರೀಕ್ಷೆಗಳನ್ನು ಕರಾರಿನಲ್ಲೇ ಬರೆಸಲಿ. ಕೆಲಸದ ನಡುವೆ ನಿಲ್ಲಿಸಿ ತೋರಿಸಬೇಕು. ಅರ್ಧ ಎದ್ದಾಗ ಕೆಡಿಸಿ ತೋರಿಸಬೇಕು. ನೂರು ಸಲ ನಿಲ್ಲಿಸಿ ಎಬ್ಬಿಸಿದರೂ ಮೊದಲ ಸಲದಂತೆಯೇ ಇದೆ ಎಂದು ತೋರಿಸಬೇಕು.

ಏರಿಯಾನ್ ತನಿಖಾ ಮಂಡಳಿ ತನ್ನ ವರದಿಯಲ್ಲಿ ಹಲವು ಶಿಫಾರಸುಗಳನ್ನು ಮಾಡಿತು. ಅವುಗಳಲ್ಲಿ ಮೊದಲನೆಯದು 16 ಬಿಟ್‌ನ ಬಗ್ಗೆಯೂ ಇರಲಿಲ್ಲ, ಸಂಖ್ಯೆಗಳ ಬಗ್ಗೆಯೂ ಇರಲಿಲ್ಲ. ರಾಕೆಟ್ ನೆಲ ಬಿಟ್ಟ ಕೂಡಲೇ ಆ ಸರಿಹೊಂದಿಸುವ ಭಾಗವನ್ನು ನಿಲ್ಲಿಸಿ, ಬೇಕಿಲ್ಲದ ಯಾವ ಸಾಫ್ಟ್‌ವೇರೂ ಹಾರಾಟದಲ್ಲಿ ಓಡುತ್ತಿರಬಾರದು ಎಂದು ಅದರಲ್ಲಿತ್ತು.